ನಕ್ಷೆಯಲ್ಲಿ ನಮ್ಮ ಬಾವಿ ಎಲ್ಲಿದೆ?

ಮಳೆಗಾಲ ಬಂದರೆ ಉಳ್ಳಾಲ, ಸೋಮೇಶ್ವರ, ಉಚ್ಚಿಲ ಬಟ್ಟಪ್ಪಾಡಿಯ ಕಡಲ್ಕೊರೆತ ಪೇಪರಿನಲ್ಲಿ ಬರುತ್ತದೆ. ಬಿದ್ದ ತೆಂಗಿನಮರದ ಫೋಟೊ, ಕಲ್ಲು ತರುವ ಲಾರಿ, ಭೇಟಿಗೆ ಬಂದ ಅಧಿಕಾರಿಗಳು. ಆಗಸ್ಟ್ ಕಳೆದರೆ ಸುದ್ದಿಯೂ ಇಲ್ಲ, ಲಾರಿಯೂ ಇಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಎದ್ದಾಗ ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಆದರೂ ಇದೇ ಊರುಗಳಲ್ಲಿ ಮನೆ, ರಸ್ತೆಗಳಿಗೆ ಹಾನಿಯಾಯಿತು.

ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಚಂಡಮಾರುತ ಹೆಚ್ಚುತ್ತಿದೆ ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. ಹಾಗಾದರೆ ಅಪಾಯ ಯಾರಿಗೆ ಹೆಚ್ಚು ಎಂಬ ಲೆಕ್ಕ ಹಾಕುವುದು ಹೇಗೆ? ಹೈದರಾಬಾದಿನಲ್ಲಿರುವ ಕೇಂದ್ರ ಸರಕಾರದ ಇನ್‌ಕಾಯ್ಸ್ ಸಂಸ್ಥೆ ಇಡೀ ದೇಶದ ಕರಾವಳಿಗೆ ಅಪಾಯದ ನಕ್ಷೆ ಮಾಡಿದೆ. ಅಲೆಯ ಎತ್ತರ, ಉಬ್ಬರ-ಇಳಿತದ ಅಂತರ, ತೀರದ ಇಳಿಜಾರು, ನೆಲದ ಎತ್ತರ, ನೆಲದ ಸ್ವರೂಪ, ದಡ ಸರಿಯುವ ವೇಗ, ಸಮುದ್ರ ಮಟ್ಟದ ಏರಿಕೆ - ಹೀಗೆ ಏಳು ಸಂಗತಿ ಅಳೆದಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಏಳರಲ್ಲಿ ಒಂದೂ ಮನುಷ್ಯನದ್ದಲ್ಲ. ಆ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದಲ್ಲಿ ಒಂದು ಕಿಲೋಮೀಟರ್. ನಮ್ಮ ಇಡೀ ಮೊಹಲ್ಲಾ ಒಂದು ಉಗುರಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ನಮ್ಮ ಮದ್ರಸದ ಒಬ್ಬ ಹುಡುಗನ ಉಮ್ಮ ಮೊನ್ನೆ ಹೇಳಿದರು: "ಉಸ್ತಾದರೇ, ಮಾರ್ಚ್ ಬಂದರೆ ನಮ್ಮ ಬಾವಿ ನೀರಲ್ಲಿ ಚಾ ಮಾಡ್ಲಿಕ್ಕೆ ಆಗುದಿಲ್ಲ, ಅಷ್ಟು ಉಪ್ಪು." ಅವರ ಅತ್ತೆಯ ಕಾಲದಲ್ಲಿ ಮೇ ಕೊನೆಗೆ ಮಾತ್ರ ಹಾಗಾಗುತ್ತಿತ್ತಂತೆ. ಇದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ಬಿಂದಿಗೆ ಹಿಡಿದವರಿಗೇ ಗೊತ್ತು. ರಾತ್ರಿ ನೀರು ನುಗ್ಗಿದರೆ ಯಾವ ಮನೆಯಲ್ಲಿ ಏಳಲಾಗದ ಅಜ್ಜಿ ಇದ್ದಾರೆ, ಯಾವ ಮನೆಯ ಗಂಡಸರೆಲ್ಲ ಗಲ್ಫಿನಲ್ಲಿದ್ದಾರೆ ಎಂಬುದೂ ಅಷ್ಟೇ.

ಹಾಗಾದರೆ ಸರ್ವೆಯವರು ಬಂದಾಗ ನಮ್ಮವರು ಯಾಕೆ ಬಾಯಿ ಬಿಡುವುದಿಲ್ಲ? ಒಬ್ಬರು ಹಿರಿಯ ಕಾಕ ನನಗೆ ನೇರವಾಗಿ ಹೇಳಿದರು: "ಸುಮ್ನಿರಿ ಉಸ್ತಾದ್. ಅಪಾಯದ ಜಾಗ ಅಂತ ನಾವೇ ಬರೆಸಿದ್ರೆ ನಾಳೆ ಎದ್ದು ಹೋಗಿ ಅಂತಾರೆ. ಹಕ್ಕುಪತ್ರ ಎಲ್ಲಿದೆ ನಮ್ಮ ಕೈಯಲ್ಲಿ?" ಆ ಹೆದರಿಕೆ ಸುಳ್ಳಲ್ಲ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆದರೆ ಮನೆ ಕಡಲಿಗೆ ಹೋದ ಮೇಲೆ ಪರಿಹಾರ ಕೇಳಿದರೂ ಮನೆ ಅಧಿಕೃತವೆಂದು ದೃಢೀಕರಣ ಬೇಕು ಅಂತಲೇ ನಿಯಮ ಇದೆ. ಸುಮ್ಮನಿದ್ದವರಿಗೆ ಮನೆಯೂ ಇಲ್ಲ, ಪರಿಹಾರವೂ ಇಲ್ಲ. ಅಪಾಯವನ್ನು ಬರೆಸುವಾಗಲೇ ಹಕ್ಕುಪತ್ರದ ಬೇಡಿಕೆಯನ್ನೂ, ಹೋಗಬೇಕಾಗಿ ಬಂದರೆ ಕಡಲಿನ ಹತ್ತಿರವೇ ಜಾಗ ಬೇಕೆಂಬುದನ್ನೂ ಒಟ್ಟಿಗೆ ಬರೆಸಬೇಕು.

ದಾರಿ ಇಲ್ಲವೆಂದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು. ಅಪಾಯದ ಪ್ರದೇಶಗಳು ಯಾವುವು ಎಂದು ಅದರಲ್ಲಿ ಬರೆಯಬೇಕು, ಸ್ಥಳೀಯ ಸಂಸ್ಥೆಗಳನ್ನು ಕೇಳಿ ತಯಾರಿಸಬೇಕು, ವರ್ಷ ವರ್ಷ ಪರಿಶೀಲಿಸಬೇಕು. ಸಿಆರ್‌ಝಡ್ ನಕ್ಷೆಯ ಕರಡಿಗೂ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಕೇಳುವುದು ಸರಕಾರದ ಕೆಲಸ. ಆದರೆ ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ದೋಣಿಯವನು ಬರುತ್ತಾನಾ, ಬೀಡಿ ಕಟ್ಟುವ ಹೆಂಗಸು ಬರುತ್ತಾಳಾ? ಕಮಿಟಿಯ ಇಬ್ಬರು ಗಂಡಸರು ಹೋಗಿ ಸಹಿ ಹಾಕಿ ಬಂದರೆ ಅದು ಜನರ ಅಭಿಪ್ರಾಯ ಆಗುವುದಿಲ್ಲ. ಸಭೆ ಮೊಹಲ್ಲಾಕ್ಕೆ ಬರಲಿ, ಕನ್ನಡದಲ್ಲಿ ನಡೆಯಲಿ, ಹೆಂಗಸರಿಗೆ ಪ್ರತ್ಯೇಕ ಹೊತ್ತು ಇರಲಿ. ಪಕ್ಕದ ಮೊಗವೀರ ಸಹೋದರರೊಟ್ಟಿಗೆ ಕೂತು ಒಂದೇ ಅರ್ಜಿ ಕೊಟ್ಟರೆ ಇನ್ನೂ ಒಳ್ಳೆಯದು. ಕಡಲಿನ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಜಮಾಅತಿನಲ್ಲಿ ಮನೆಪಟ್ಟಿ ಇದ್ದೇ ಇದೆ. ವಂತಿಗೆ ಬರೆಯುವ ಆ ಪುಸ್ತಕಕ್ಕೆ ಇನ್ನೆರಡು ಕಾಲಂ ಸೇರಿಸಿದರೆ ಸಾಕು. ನಾವು ಸಣ್ಣದಾಗಿ ಶುರು ಮಾಡಿದ್ದೇವೆ. ಮದ್ರಸದ ದೊಡ್ಡ ಮಕ್ಕಳ ಕೈಯಲ್ಲಿ ಒಂದೊಂದು ನೋಟ್‌ಬುಕ್ ಕೊಟ್ಟು, ಬಾವಿ ಯಾವ ತಿಂಗಳಲ್ಲಿ ಉಪ್ಪಾಗುತ್ತದೆ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಮನೆಯ ಹಿರಿಯರ ಹತ್ತಿರ ಕೇಳಿ ಬರೆಯಲು ಹೇಳಿದ್ದೇವೆ. ಕೆಲವು ಮನೆಯವರು ಹೆಸರು ಹಾಕಬೇಡಿ ಅಂದರು. ಅವರದ್ದನ್ನು ಹೆಸರಿಲ್ಲದೆಯೇ ಬರೆದಿದ್ದೇವೆ.