ನೀರಿಗೆ ದಾರಿ ಬಿಟ್ಟಿದ್ದೀರಾ?

ಮೇ ತಿಂಗಳ ಮಂಗಳೂರು. ಫ್ಯಾನ್ ಕೂಡ ಬಿಸಿಗಾಳಿಯನ್ನೇ ಬೀಸುವ ಮಧ್ಯಾಹ್ನದ ಹೊತ್ತಿನಲ್ಲಿ ಮನೆಗೆ ಹೊಸ ಎ.ಸಿ. ಬರುತ್ತದೆ. ಇಬ್ಬರು ಹುಡುಗರು ಏಣಿ, ಡ್ರಿಲ್ಲಿಂಗ್ ಯಂತ್ರ ಹಿಡಿದು ಬಂದು ಗೋಡೆಗೆ ತೂತು ಕೊರೆಯುತ್ತಾರೆ. ತಾಮ್ರದ ಕೊಳವೆ ಬಾಗಿಸಿ ಜೋಡಿಸುವುದು, ಗ್ಯಾಸಿನ ಒತ್ತಡ ನೋಡುವುದು, ವೈರು ಕೂಡಿಸುವುದು ಎಲ್ಲವನ್ನೂ ಮನೆಮಂದಿ ಸುತ್ತ ನಿಂತು ನೋಡುತ್ತಾರೆ. ಕೊನೆಗೆ ಬೆರಳು ದಪ್ಪದ ಒಂದು ಪ್ಲಾಸ್ಟಿಕ್ ಕೊಳವೆ ಉಳಿಯುತ್ತದೆ. ಅದನ್ನು ಸಜ್ಜದ ಮೇಲೆ ಹೇಗೋ ಹಾಯಿಸಿ, ತಂತಿ ಸುತ್ತಿ, ಕೆಳಕ್ಕೆ ಇಳಿಬಿಡುತ್ತಾರೆ. ‘ಇದು ಹೀಗೆ ನೇತಾಡಿದ್ರೆ ಆಗ್ತದಾ?’ ಎಂದು ಮನೆಯಾಕೆ ಕೇಳಿದರೆ, ‘ಏನೂ ಆಗುದಿಲ್ಲ ಅಮ್ಮಾ, ನೀರು ತನ್ನಷ್ಟಕ್ಕೆ ಹೋಗ್ತದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವರಿಗೆ ಇನ್ನೊಂದು ಮನೆಗೆ ಹೋಗುವ ಆತುರ.

ಹದಿನೈದು ದಿನ ಕಳೆಯುವುದರೊಳಗೆ ಎ.ಸಿ.ಯ ಕೆಳಗೆ ಗೋಡೆಯ ಮೇಲೆ ಕಂದು ಗೆರೆಯೊಂದು ಮೂಡುತ್ತದೆ. ಆಮೇಲೆ ರಾತ್ರಿ ಹಾಸಿಗೆಯ ಮೇಲೆ ಟಪ್ ಟಪ್ ಹನಿ. ‘ಗ್ಯಾಸ್ ಲೀಕ್ ಆಗಿದೆ’ ಎಂದು ಯಾರೋ ಹೇಳುತ್ತಾರೆ, ಗ್ಯಾಸ್ ತುಂಬಿಸುವವನೂ ಬಂದು ಹಣ ಪಡೆದು ಹೋಗುತ್ತಾನೆ. ಹನಿ ಮಾತ್ರ ನಿಲ್ಲುವುದಿಲ್ಲ. ಗ್ಯಾಸ್ ಕಡಿಮೆಯಾದಾಗ ಒಳಗಿನ ಸುರುಳಿಯ ಮೇಲೆ ಹಿಮ ಕಟ್ಟಿ, ಅದು ಕರಗಿ ಸುರಿಯುವುದೂ ಉಂಟು. ಆದರೆ ಮೊದಲು ನೋಡಬೇಕಾದದ್ದು ಆ ಬೆರಳು ದಪ್ಪದ ಕೊಳವೆಯನ್ನು.

ಅಷ್ಟು ನೀರು ಬರುವುದಾದರೂ ಎಲ್ಲಿಂದ? ಸ್ಟೀಲ್ ಲೋಟಕ್ಕೆ ಫ್ರಿಜ್ಜಿನ ನೀರು ಸುರಿದಿಟ್ಟರೆ ಹೊರಮೈ ಬೆವರುತ್ತದಲ್ಲ, ಅದೇ ಇಲ್ಲೂ ನಡೆಯುವುದು. 32 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಂದು ಘನ ಮೀಟರ್ ಗಾಳಿ ಸುಮಾರು 34 ಗ್ರಾಂ ನೀರಾವಿಯನ್ನು ಹೊರಬಲ್ಲದು. ಅದೇ ಗಾಳಿಯನ್ನು 12 ಡಿಗ್ರಿಗೆ ಇಳಿಸಿದರೆ ಅದಕ್ಕೆ 11 ಗ್ರಾಂ ಹೊರುವುದೇ ಕಷ್ಟ. ಉಳಿದದ್ದು ತಣ್ಣನೆಯ ಸುರುಳಿಯ ಮೇಲೆ ನೀರಾಗಿ ಇಳಿಯಲೇಬೇಕು. ಕರಾವಳಿಯ ಸೆಕೆಯಲ್ಲಿ ಒಂದೂವರೆ ಟನ್ನಿನ ಯಂತ್ರ ಗಂಟೆಗೆ ಒಂದೆರಡು ಲೀಟರ್ ನೀರು ಹಿಂಡುವುದು ಸಾಮಾನ್ಯ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಅದೇ ಯಂತ್ರದಿಂದ ಬರುವ ನೀರು ಅದಕ್ಕಿಂತ ಬಹಳ ಕಡಿಮೆ. ಅಲ್ಲಿನ ಗಾಳಿ ಅಷ್ಟು ಒಣ. ಅದಕ್ಕೇ ಅಲ್ಲಿ ಹುಲ್ಲಿನ ಪರದೆಗೆ ನೀರುಣಿಸುವ ಕೂಲರ್ ಚೆನ್ನಾಗಿ ನಡೆಯುತ್ತದೆ, ಮಂಗಳೂರಿನಲ್ಲಿ ಅದು ಸೆಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ನಿಜ ಹೇಳಬೇಕೆಂದರೆ ಎ.ಸಿ. ಹುಟ್ಟಿದ್ದೇ ನೀರು ತೆಗೆಯುವುದಕ್ಕೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಅಲ್ಲಿನ ಗಾಳಿಯ ತೇವವನ್ನು ಹದಕ್ಕೆ ತರಲು ಯೋಜನೆ ಹಾಕಿಕೊಟ್ಟ. ಮನುಷ್ಯರಿಗೆ ತಂಪು ಸಿಕ್ಕಿದ್ದು ಆಮೇಲಿನ ಮಾತು.

ಇನ್ನು ಕೊಳವೆಯ ವಿಚಾರ. ಸಾಮಾನ್ಯ ಎ.ಸಿ.ಯಲ್ಲಿ ಈ ನೀರನ್ನು ದಬ್ಬುವ ಪಂಪು ಇರುವುದಿಲ್ಲ. ಸುರುಳಿಯ ಕೆಳಗಿನ ತಟ್ಟೆಗೆ ಇಳಿದ ನೀರು ತನ್ನ ಭಾರದಿಂದಲೇ ಹೊರಗೆ ಹೋಗಬೇಕು. ಆದ್ದರಿಂದ ಇಲ್ಲಿ ಗಾರೆಯವರ ‘ವಾಟ’ವೇ ಎಲ್ಲ. ಒಂದು ಮೀಟರ್ ಉದ್ದಕ್ಕೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಬೇಕು, ಅದೂ ಉದ್ದಕ್ಕೂ ಒಂದೇ ಸಮನೆ. ರಸಮಟ್ಟ ಇಟ್ಟು ನೋಡಿದರೆ ಎರಡು ನಿಮಿಷದ ಕೆಲಸ. ಆದರೆ ಸುಕ್ಕುಸುಕ್ಕಾದ ಮೆತ್ತನೆಯ ಕೊಳವೆಯನ್ನು ಆಧಾರವಿಲ್ಲದೆ ಹಾಯಿಸಿದರೆ ಅದು ನಡುವೆ ಹೊಟ್ಟೆ ಬಿಡುತ್ತದೆ. ಆ ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿಗೆ ದೂಳು ಸೇರಿ ಲೋಳೆ ಕಟ್ಟುತ್ತದೆ. ಒಂದು ದಿನ ದಾರಿ ಪೂರ್ತಿ ಮುಚ್ಚಿ, ನೀರು ತಟ್ಟೆಯ ಅಂಚು ದಾಟಿ ಮಂಚದ ಮೇಲೆ ಇಳಿಯುತ್ತದೆ. ಗಟ್ಟಿ ಪಿವಿಸಿ ಕೊಳವೆ ಹಾಕಿ ಅಲ್ಲಲ್ಲಿ ಕ್ಲಾಂಪ್ ಕೊಟ್ಟರೆ ಈ ತಾಪತ್ರಯವಿಲ್ಲ. ಖರ್ಚು ಹೆಚ್ಚೇನಲ್ಲ. ಹಾಕುವವರಿಗೆ ತಾಳ್ಮೆ ಬೇಕು, ಅಷ್ಟೆ.

ಕೊಳವೆಯ ತುದಿ ಎಲ್ಲಿರಬೇಕೆಂಬುದು ಇನ್ನೊಂದು ತಂಟೆ. ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟರೆ ಕೊಳವೆಯೊಳಗಿನ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ. ಆ ಗಾಳಿ ನೀರನ್ನು ತಡೆದು ನಿಲ್ಲಿಸಿಬಿಡುತ್ತದೆ. ಅಚ್ಚುಕಟ್ಟಾಗಿ ಕಾಣಲೆಂದು ಕೊಳವೆಯನ್ನು ನೇರವಾಗಿ ಕಕ್ಕಸಿನ ಪೈಪಿಗೆ ಸೇರಿಸುವವರೂ ಇದ್ದಾರೆ. ಅಂಥ ಮನೆಯಲ್ಲಿ ಎ.ಸಿ. ಹಾಕಿದೊಡನೆ ಕೋಣೆಗೆ ಚರಂಡಿಯ ನಾತ ಬರುತ್ತದೆ, ಕೆಲವೊಮ್ಮೆ ಜಿರಲೆಯೂ ಬರುತ್ತದೆ. ತುದಿ ಬಚ್ಚಲಿನ ನಹಾನಿ ಟ್ರ್ಯಾಪಿನ ಮೇಲೆ, ಅದಕ್ಕೆ ತಾಗದಂತೆ, ಬಾಯಿ ತೆರೆದುಕೊಂಡಿರಬೇಕು. ಕೊಳವೆ ಕೋಣೆಯೊಳಗೇ ಹಾಯುವುದಾದರೆ ಅದಕ್ಕೆ ಫೋಮ್ ಹೊದಿಸಬೇಕು. ಇಲ್ಲದಿದ್ದರೆ ಒಳಗಿನ ತಣ್ಣೀರಿಗೆ ಕೊಳವೆಯೇ ಬೆವರಿ, ಎಲ್ಲೂ ಸೋರದೆ ಗೋಡೆ ಒದ್ದೆಯಾಗುತ್ತದೆ!

ದೊಡ್ಡ ಕಚೇರಿಗಳ, ಸಭಾಂಗಣಗಳ ಯಂತ್ರಗಳಲ್ಲಿ ಮತ್ತೊಂದು ವಿಚಿತ್ರವಿದೆ. ಅಲ್ಲಿ ಸಾಮಾನ್ಯವಾಗಿ ಫ್ಯಾನು ಸುರುಳಿಯ ಆಚೆ ಕುಳಿತು ಗಾಳಿಯನ್ನು ತನ್ನತ್ತ ಎಳೆಯುತ್ತದೆ. ಆ ಎಳೆತಕ್ಕೆ ಹೊರಗಿನ ಗಾಳಿ ಡ್ರೈನ್ ಕೊಳವೆಯ ಮೂಲಕವೇ ಒಳನುಗ್ಗಿ, ತಟ್ಟೆಯ ನೀರನ್ನು ಇಳಿಯಗೊಡುವುದಿಲ್ಲ. ಯಂತ್ರ ನಡೆಯುವಷ್ಟು ಹೊತ್ತು ತುಂಬಿಕೊಂಡ ನೀರು ಸ್ವಿಚ್ ಆರಿಸಿದೊಡನೆ ಒಮ್ಮೆಲೇ ಬಿಡುಗಡೆಯಾಗುತ್ತದೆ. ‘ಆಫ್ ಮಾಡಿದ ಮೇಲೆ ಸೋರುತ್ತದೆ’ ಎಂಬ ದೂರಿನ ಹಿಂದೆ ಇದೂ ಇರಬಹುದು. ಅಲ್ಲಿ ಯು ಆಕಾರದ ಟ್ರ್ಯಾಪ್ ಬೇಕು. ಅದರಲ್ಲಿ ನಿಂತ ನೀರೇ ಗಾಳಿಗೆ ಬಾಗಿಲು. ಬಹಳ ದಿನ ಯಂತ್ರ ನಡೆಸದಿದ್ದರೆ ಆ ನೀರು ಒಣಗುತ್ತದೆ. ಮತ್ತೆ ಶುರು ಮಾಡುವಾಗ ಒಂದು ಚೊಂಬು ನೀರು ಹುಯ್ಯುವುದನ್ನು ಮರೆಯಬಾರದು.

ತಂಪು ಮಾಡುವ ಯಂತ್ರದಲ್ಲಿ ನೀರಿಗೆ ದಾರಿ ತಪ್ಪಿದರೆ ಗೋಡೆ ಕೆಡುತ್ತದೆ. ಬಿಸಿ ಮಾಡುವ ಯಂತ್ರದಲ್ಲಿ ತಪ್ಪಿದರೆ ಜೀವಕ್ಕೇ ಸಂಚಕಾರ. ಹಳೆಯ ಬಚ್ಚಲುಮನೆಯ ತಾಮ್ರದ ಹಂಡೆಗೆ ಬಾಯಿ ತೆರೆದೇ ಇರುತ್ತಿತ್ತು. ಎಷ್ಟು ಸೌದೆ ತುರುಕಿದರೂ ನೀರು ಕುದಿದು ಉಗಿ ಸೂರಿನತ್ತ ಹೋಗುತ್ತಿತ್ತೇ ಹೊರತು ಹಂಡೆ ಸಿಡಿಯುತ್ತಿರಲಿಲ್ಲ. ಗೀಸರ್ ಬಾಯಿ ಮುಚ್ಚಿದ ಹಂಡೆ.

25 ಲೀಟರಿನ ಗೀಸರಿನಲ್ಲಿ ನೀರು 25 ಡಿಗ್ರಿಯಿಂದ 65 ಡಿಗ್ರಿಗೆ ಏರಿದಾಗ ಸುಮಾರು 400 ಮಿಲಿಲೀಟರ್, ಅಂದರೆ ಎರಡು ಲೋಟದಷ್ಟು, ಹಿಗ್ಗುತ್ತದೆ. ಆ ಎರಡು ಲೋಟ ನೀರು ಎಲ್ಲಿಗಾದರೂ ಹೋಗಬೇಕು. ಮಾಳಿಗೆಯ ಟ್ಯಾಂಕಿನಿಂದ ಅಡೆತಡೆಯಿಲ್ಲದ ಕೊಳವೆ ಬಂದಿದ್ದರೆ ಅದು ಹಿಂದಕ್ಕೆ ಟ್ಯಾಂಕಿನತ್ತ ಸರಿದುಕೊಳ್ಳುತ್ತದೆ. ನಡುವೆ ಹಿಂದಕ್ಕೆ ಬಿಡದ ವಾಲ್ವ್ ಕೂರಿಸಿದ್ದರೆ ಆ ದಾರಿ ಬಂದ್. ಆಗ ಉಳಿಯುವುದು ತಣ್ಣೀರು ಒಳಹೋಗುವಲ್ಲಿರುವ ಸೇಫ್ಟಿ ವಾಲ್ವ್ ಒಂದೇ. ನೀರು ಕಾಯುವಾಗ ಅದು ತೊಟತೊಟನೆ ಹನಿಸುತ್ತದೆ. ಹನಿಸಬೇಕಾದದ್ದೇ ಅದರ ಧರ್ಮ.

ಮನೆಯವರಿಗೆ ಅದು ಕಾಣುವುದು ಸೋರಿಕೆಯಾಗಿ. ‘ಒಂದು ಡಮ್ಮಿ ಹಾಕಿಬಿಡಪ್ಪ’ ಎನ್ನುತ್ತಾರೆ. ಪ್ಲಂಬರನೂ ಮರುಮಾತಿಲ್ಲದೆ ಟೇಪು ಸುತ್ತಿ ಪ್ಲಗ್ ಬಿಗಿದು ಹೋಗುತ್ತಾನೆ. ಹನಿ ನಿಲ್ಲುತ್ತದೆ, ಎಲ್ಲರಿಗೂ ಸಮಾಧಾನ. ಮುಂದೆ ಯಾವತ್ತೋ ಥರ್ಮೋಸ್ಟಾಟ್ ಕೆಟ್ಟು, ಅದರ ಬೆನ್ನಿಗಿರುವ ಕಟೌಟ್ ಕೂಡ ಕೈಕೊಟ್ಟರೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಬಿಸಿಯೇರುತ್ತಲೇ ಹೋಗುತ್ತದೆ. ತೊಟ್ಟಿ ಬಿರಿದ ಕ್ಷಣದಲ್ಲಿ ಒತ್ತಡ ಕಳಚಿ, ಅದರಲ್ಲೊಂದು ಪಾಲು ತಟಕ್ಕನೆ ಉಗಿಯಾಗುತ್ತದೆ. ಒಂದು ಲೀಟರ್ ನೀರು ಉಗಿಯಾದರೆ ಸುಮಾರು 1,600 ಲೀಟರ್ ಜಾಗ ಬೇಕು. ಬಚ್ಚಲುಮನೆಯ ಗೋಡೆ ಅದನ್ನು ತಡೆಯುವುದು ಕಷ್ಟ, ಒಳಗಿದ್ದವರ ಮಾತಂತೂ ಬೇಡ. ಡಮ್ಮಿಯ ಬದಲು ಆ ವಾಲ್ವಿಗೆ ಒಂದು ಸಣ್ಣ ಕೊಳವೆ ಸಿಕ್ಕಿಸಿ ನೆಲದವರೆಗೆ ತಂದು ಬಿಟ್ಟರೆ ಸಾಕು. ಅದಕ್ಕೆ ನಲ್ಲಿ ಕೂರಿಸಬಾರದು, ತುದಿಗೆ ಬಿರಡೆ ಹಾಕಬಾರದು. ಪಂಪಿನ ಒತ್ತಡದಲ್ಲಿ ನೀರು ಬರುವ ಎತ್ತರದ ಅಪಾರ್ಟ್‌ಮೆಂಟುಗಳಲ್ಲಿ ಆ ಒತ್ತಡ ತಾಳುವ ಗೀಸರನ್ನೇ ಕೊಳ್ಳಬೇಕು. ಎಷ್ಟು ತಾಳುತ್ತದೆಂಬುದನ್ನು ಅದರ ಮೈಮೇಲಿನ ಚೀಟಿಯಲ್ಲೇ ಬರೆದಿರುತ್ತಾರೆ.

ಬೆಂಗಳೂರಿನ ತಾರಸಿಗಳ ಮೇಲೆ ಸಾಲಾಗಿ ಕಾಣುವ ಸೋಲಾರ್ ಹೀಟರುಗಳಲ್ಲಿ ಆಕಾಶ ನೋಡುತ್ತ ನಿಂತ ಒಂದು ಕೊಳವೆ ಇರುತ್ತದೆ. ಅದು ಪಕ್ಕದ ತಣ್ಣೀರಿನ ಟ್ಯಾಂಕಿಗಿಂತ ಎತ್ತರ ಏಕೆಂದು ಕೇಳುವವರು ಕಡಿಮೆ. ಉಗಿ ಹೋಗಲು ಅದು ದಾರಿ, ಗಾಳಿ ಬರಲೂ ಅದೇ ದಾರಿ. ಹಕ್ಕಿ ಗೂಡು ಕಟ್ಟೀತೆಂದು ಅದಕ್ಕೆ ಮುಚ್ಚಳ ಬಿಗಿದರೆ, ನೀರು ಬಸಿದುಹೋದಾಗ ಒಳಗೆ ನಿರ್ವಾತವಾಗಿ, ತೆಳು ತಗಡಿನ ತೊಟ್ಟಿ ಹಿಂಡಿದ ಡಬ್ಬಿಯಂತೆ ಕುಸಿಯಬಹುದು. ಹಕ್ಕಿಗೆ ಜಾಲರಿ ಸಾಕು.

ಎ.ಸಿ. ಕೂರಿಸುವ ಹುಡುಗರಿಗೆ ಇನ್ನೊಂದು ಮನೆಗೆ ಹೋಗುವ ಆತುರವಿದ್ದರೂ ಸರಿ, ಮುಚ್ಚಳ ಹಾಕುವ ಮೊದಲು ತಟ್ಟೆಗೆ ಒಂದು ಮಗ್ ನೀರು ಮೆಲ್ಲಗೆ ಹುಯ್ದು ತೋರಿಸಲು ಹೇಳಬೇಕು. ಹುಯ್ದ ನೀರು ಅತ್ತ ತುದಿಯಲ್ಲಿ ತಡವಿಲ್ಲದೆ ಸುರಿದರೆ ಹಣ ಕೊಡಬಹುದು. ರಾತ್ರಿ ಎಂಟು ಗಂಟೆ ಯಂತ್ರ ನಡೆದರೆ ಕರಾವಳಿಯಲ್ಲಿ ಬೆಳಗಾಗುವುದರೊಳಗೆ ಒಂದು ಬಕೆಟ್ ನೀರು ಸಿಗುತ್ತದೆ. ಕುಡಿಯಲು ಅದು ಆಗದು, ಸುರುಳಿಯ ದೂಳೆಲ್ಲ ಅದರಲ್ಲಿರುತ್ತದೆ. ಹಿತ್ತಲಿನ ಬಾಳೆಬುಡಕ್ಕೆ ಅಡ್ಡಿಯಿಲ್ಲ, ಹಿಂದೆ ಬಚ್ಚಲಿನ ನೀರು ಹೋಗುತ್ತಿದ್ದುದೂ ಅಲ್ಲಿಗೇ. ಬಕೆಟ್ ಇಡುವವರು ಕೊಳವೆಯ ತುದಿಯನ್ನು ಅದರ ಬಾಯಿಗಿಂತ ನಾಲ್ಕು ಬೆರಳು ಮೇಲೆ ಕಟ್ಟಿಡಲಿ.