ಅಂಕೆ ಇಳಿಸಿದರೆ ಸಾಕೆ?

ಮೊನ್ನೆ ಕಾರ್ಕಳದಲ್ಲಿ ಸ್ನೇಹಿತರ ಮನೆಯ ಮದರಂಗಿಯ ಊಟ ಮುಗಿಯುವಾಗ ರಾತ್ರಿ ಹತ್ತೂವರೆ ದಾಟಿತ್ತು. ಕಾಪುವಿನ ಕಡೆಯ ನಡುಹರೆಯದ ಗೃಹಸ್ಥರೊಬ್ಬರು ಎರಡು ಗ್ಲಾಸು ಏರಿಸಿ, ಸ್ಕೂಟರಿನ ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ಅಂಗಳಕ್ಕಿಳಿದರು. “ಬೇಡ ಮಾರಾಯ್ರೆ” ಎಂದೆ.

“ಕೊನೆಯ ಬಸ್ಸು ಹೋಗಿ ಆಯಿತು ಮಾಸ್ಟ್ರೇ. ರಿಕ್ಷಾದ ಬಾಡಿಗೆಗಿಂತ ನನ್ನ ಧೈರ್ಯವೇ ಅಗ್ಗ” ಎಂದು ಅವರು ನಕ್ಕರು.

ಪಕ್ಕದಲ್ಲಿದ್ದ ನಿವೃತ್ತ ಹೆಡ್ಮಾಸ್ತರರಿಗೆ ಸಿಟ್ಟು ನೆತ್ತಿಗೇರಿತು. “ಇದಕ್ಕೆಲ್ಲ ಒಂದೇ ಮದ್ದು. ಕಾಯಿದೆಯ ಮಿತಿಯನ್ನು ಸೊನ್ನೆಗೆ ಇಳಿಸಬೇಕು!”

ಹಿರಿಯರ ಕಳಕಳಿ ನನ್ನದೂ ಹೌದು. ಆದರೆ ಇಳಿಸಿದ ಮಿತಿಯ ಖರ್ಚನ್ನು ಹೊರುವವರು ಯಾರೆಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಸೊನ್ನೆ ನಮಗೆ ಹೊಸತೇನೂ ಅಲ್ಲ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮು, ಚಾಲಕನ ರಕ್ತದಲ್ಲಿ ಮದ್ಯಸಾರವು ಎಷ್ಟೇ ಅಲ್ಪವಾಗಿದ್ದರೂ ಅಪರಾಧವೆಂದೇ ಮೊದಲು ಸಾರಿತ್ತು. 1994ರ ತಿದ್ದುಪಡಿಯು ಅದನ್ನು 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಮು ಎಂದು ಬದಲಿಸಿ, ಉಸಿರಿನ ಯಂತ್ರದಿಂದ ಅಳೆಯಬೇಕೆಂದು ವಿಧಿಸಿತು. 1967ರಲ್ಲಿ ಬ್ರಿಟನ್ ಗೊತ್ತುಪಡಿಸಿದ ಮಿತಿ 80 ಎಂಬುದನ್ನು ನೆನೆದರೆ ನಮ್ಮದು ಸಡಿಲವಾದ ಕಾಯಿದೆಯೇನೂ ಅಲ್ಲ.

ಸ್ಕಾಟ್‌ಲೆಂಡು 2014ರ ಡಿಸೆಂಬರಿನಲ್ಲಿ ಆ 80ನ್ನು 50ಕ್ಕೆ ಇಳಿಸಿತು. ಗ್ಲಾಸ್ಗೊ ವಿಶ್ವವಿದ್ಯಾನಿಲಯದ ಸಂಶೋಧಕರು 2018ರಲ್ಲಿ ಲೆಕ್ಕ ನೋಡಿದರೆ, ಮಿತಿ ಇಳಿಸದ ಇಂಗ್ಲೆಂಡಿಗಿಂತ ಅಲ್ಲಿ ಅಪಘಾತಗಳೇನೂ ಕಡಿಮೆಯಾಗಿರಲಿಲ್ಲ! ಅಂಕೆ ಇಳಿಯಿತು, ತಪಾಸಣೆ ಅದಕ್ಕೆ ತಕ್ಕಂತೆ ಏರಲಿಲ್ಲವೆಂಬುದೇ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು.

ಕಾಗದದ ಮೇಲೆ ಅಂಕೆ ತಿದ್ದಲು ಒಂದು ಹನಿ ಶಾಯಿ ಸಾಕು. ರಸ್ತೆಯ ಮೇಲೆ ಅದಕ್ಕೆ ಜೀವ ಬರಬೇಕಾದರೆ 66ನೆಯ ಹೆದ್ದಾರಿಯಲ್ಲಿ ಕಾಪುವಿನ ಬಳಿಯೂ ಮಣಿಪಾಲದ ಏರಿನಲ್ಲಿಯೂ ನಿದ್ದೆಗೆಟ್ಟು ನಿಲ್ಲುವ ಪೋಲೀಸರು ಬೇಕು. ಕಾಲಕಾಲಕ್ಕೆ ಸರಿನೋಡಿದ ಯಂತ್ರಗಳು ಬೇಕು. ಬಂಧಿತನನ್ನು 2 ಗಂಟೆಯೊಳಗೆ ವೈದ್ಯರು ಪರೀಕ್ಷಿಸದಿದ್ದರೆ ಬಿಡುಗಡೆ ಮಾಡಬೇಕೆಂದು 202ನೆಯ ಕಲಮು ಹೇಳುವುದರಿಂದ, ಅಪರಾತ್ರಿಯಲ್ಲಿ ವೈದ್ಯರೂ ಬೇಕು. ಆಮೇಲೆ ನ್ಯಾಯಾಲಯ. 2019ರ ತಿದ್ದುಪಡಿಯಂತೆ ಮೊದಲ ತಪ್ಪಿಗೇ 10,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆ, ಅಥವಾ ಎರಡೂ.

ಸೊನ್ನೆಯೆಂದರೆ ಇನ್ನೂ ಒಂದು ತೊಡಕು. ಹಿಂದಿನ ರಾತ್ರಿ ಕುಡಿದು, ಮಲಗಿ ಎದ್ದು, ಮುಂಜಾನೆ ಹಾಲಿನ ವ್ಯಾನು ಹತ್ತಿದವನ ರಕ್ತದಲ್ಲಿಯೂ ಅದರ ಶೇಷ ಉಳಿದಿರಬಹುದು. ಅಶ್ವಗಂಧಾರಿಷ್ಟದಲ್ಲಿಯೂ ಹುದುಗಿನಿಂದ ಹುಟ್ಟಿದ ಮದ್ಯಸಾರವುಂಟು. ಇಂಥವರ ಹಿಂದೆ ಪೋಲೀಸರ ಹೊತ್ತು ಕಳೆಯುವಾಗ, ಸೀಸೆ ಬರಿದುಮಾಡಿ ಬಂದವನು ಇನ್ನೊಂದು ದಾರಿಯಿಂದ ಜಾರಿಹೋಗುತ್ತಾನೆ.

ಹಾಗೆಂದು ಖರ್ಚಿಗೆ ಹೆದರಿ ಸುಮ್ಮನಿರೋಣವೆ? ಖಂಡಿತ ಕೂಡದು. ಸರಕಾರ ಕೊಡದೆ ಉಳಿಸಿದ ಹಣವನ್ನು ಆಸ್ಪತ್ರೆಯ ತುರ್ತು ವಿಭಾಗದ ಹೊರಗಿನ ಬೆಂಚಿನಲ್ಲಿ ಕುಳಿತ ತಾಯಿಯೋ ಹೆಂಡತಿಯೋ ಕೈಬಳೆ ಮಾರಿ ತೆರುತ್ತಾಳೆ. ಎದುರಿನಿಂದ ಬಂದ ನಿರಪರಾಧಿಯ ಮನೆಯವರಂತೂ ತಾವು ಮಾಡದ ಸಾಲವನ್ನು ತೀರಿಸಬೇಕು. ಆದುದರಿಂದ ಮೊದಲು ಇರುವ 30ಕ್ಕೇ ಬೆಲೆ ಬರಲಿ: ಪ್ರತಿ ರಾತ್ರಿಯೂ ತಪಾಸಣೆಯಿರಲಿ, ಅದರ ಜತೆಗೆ ತಡರಾತ್ರಿಗೊಂದು ಬಸ್ಸೂ ಇರಲಿ. ಅಷ್ಟನ್ನು ಮಾಡಲಾರದವರು ಸೊನ್ನೆ ಬರೆದರೆ, ಅದರ ಫಲವೂ ಸೊನ್ನೆಯೇ.

ನಮ್ಮ ಭಾಷೆಯಲ್ಲಿ ಅಂಕೆಯೆಂದರೆ ಲೆಕ್ಕದ ಗುರುತೂ ಹೌದು, ಹಿಡಿತವೂ ಹೌದು. ಮೊದಲನೆಯದನ್ನು ಇಳಿಸಿದ ಮಾತ್ರಕ್ಕೆ ಎರಡನೆಯದು ಬಿಗಿಯಾಗದು.

ಅಂದು ರಾತ್ರಿ ಮನೆಯ ಯಜಮಾನರು ಮಾತಿಲ್ಲದೆ ಬೀಗದ ಕೈಯನ್ನು ಕಸಿದುಕೊಂಡು, ಚಾವಡಿಯಲ್ಲಿ ಚಾಪೆ ಹಾಸಿ ಅವರನ್ನು ಮಲಗಿಸಿದರು. ಬೆಳಿಗ್ಗೆ ಅವರು ಕಾಫಿ ಕುಡಿದು, ತುಸು ನಾಚಿಕೊಂಡೇ ಸ್ಕೂಟರು ಹತ್ತಿದರಂತೆ. ಆ ಮನೆಗೆ ತಗಲಿದ ಖರ್ಚು ಒಂದು ಚಾಪೆ, ಒಂದು ತಲೆದಿಂಬು. ಎಲ್ಲ ಊಟದ ಮನೆಗಳಲ್ಲಿಯೂ ಅಂಥ ಯಜಮಾನರಿದ್ದಿದ್ದರೆ ಈ ಲೇಖನವೇ ಬೇಕಿರಲಿಲ್ಲ.