ಚೀಟಿಯ ದಾರಿ ತಿಳಿಯದೆ ತಂತ್ರಾಂಶ ತರಬೇಡಿ

ನಾಗಪುರದ ಕಿತ್ತಳೆಗೆ ವರ್ಷದಲ್ಲಿ ಎರಡು ಹಂಗಾಮು: ಅಂಬಿಯಾ ಬಹಾರ್ ಮತ್ತು ಮೃಗ್ ಬಹಾರ್. 2014ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಸುಗ್ಗಿಯಲ್ಲಿ ಆ ಹಣ್ಣು ನಗರದ ಕಳಮ್ನಾ ಮಾರುಕಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗಾಡಿಯಿಂದ ಇಳಿಯುತ್ತದೆ, ಹರಾಜಾಗುತ್ತದೆ, ಇನ್ನೊಂದು ಲಾರಿ ಹತ್ತಿ ಹೊರಟುಬಿಡುತ್ತದೆ. ಹಿಂದೆ ಉಳಿಯುವುದು ಕಾಗದ. ಹಣ್ಣಿನ ಯಾವ ಅಡತಿ ಅಂಗಡಿಗೆ ಹೋದರೂ ಇದೇ ಬಗೆ: ಮಾಲು ಬಂದ ನಮೂದು, ಹರಾಜಿನ ದರ ಗೀಚಿದ ಚೀಟಿ, ತೂಕದ ಚೀಟಿ, ಹಮಾಲಿ ಲೆಕ್ಕ, ಖರೀದಿದಾರನ ಬಿಲ್ಲು, ಕೊನೆಗೆ ರೈತನ ಕೈಗೆ ಬರುವ ಲೆಕ್ಕಪಟ್ಟಿ. ವರ್ಷದ ದುಡಿಮೆಗೆ ಎಷ್ಟು ದಕ್ಕಿತು ಎಂದು ರೈತನಿಗೆ ಹೇಳುವುದು ಆ ಕೊನೆಯ ಕಾಗದ. ಅದರಲ್ಲಿರುವ ಒಂದೊಂದು ಅಂಕಿಯೂ ಯಾವ ಚೀಟಿಯಿಂದ, ಯಾರ ಕೈ ದಾಟಿ ಬಂತು ಎಂದು ಕೇಳಿದರೆ ಅಂಗಡಿಯ ಮಾಲೀಕರೇ ಗುಮಾಸ್ತನ ಮುಖ ನೋಡುತ್ತಾರೆ.

ಇಂಥ ಅಂಗಡಿಗೆ ಒಂದು ದಿನ ತಂತ್ರಾಂಶ ಮಾರುವವನು ಬರುತ್ತಾನೆ. ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಪರದೆಗಳನ್ನು ತೋರಿಸುತ್ತಾನೆ. ಬಿಲ್ಲು ಹೀಗೆ ಬರುತ್ತದೆ, ವರದಿ ಹಾಗೆ ಬರುತ್ತದೆ, ಮೊಬೈಲಿನಲ್ಲೂ ಕಾಣುತ್ತದೆ ಎನ್ನುತ್ತಾನೆ. ನಿಮ್ಮಲ್ಲಿ ಈಗ ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಕೇಳುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಹಣ ಪಾವತಿಯಾಗುತ್ತದೆ. ಆರು ತಿಂಗಳ ಮೇಲೆ ನೋಡಿದರೆ ಗುಮಾಸ್ತ ಹಳೆಯ ವಹಿಯನ್ನೂ ಬರೆಯುತ್ತಿರುತ್ತಾನೆ, ಹೊಸ ಯಂತ್ರಕ್ಕೂ ತುಂಬುತ್ತಿರುತ್ತಾನೆ. ಎರಡರ ಮೊತ್ತ ತಾಳೆಯಾಗದಿದ್ದಾಗ ವಹಿಯೇ ಸರಿ ಎಂದು ತೀರ್ಮಾನವಾಗುತ್ತದೆ. ಕಂಪ್ಯೂಟರ್ ಬಂತು, ಕೆಲಸ ಇಮ್ಮಡಿಯಾಯಿತು.

ಇದನ್ನು ತಪ್ಪಿಸುವ ಸಾಧನ ಅರ್ಧ ಶತಮಾನದಿಂದ ಕೈಯಲ್ಲೇ ಇದೆ. ಅದರ ಹೆಸರು ಡೇಟಾ ಫ್ಲೋ ಡಯಾಗ್ರಮ್, ಅಂದರೆ ಮಾಹಿತಿ ಹರಿವಿನ ಚಿತ್ರ. 1970ರ ದಶಕದಲ್ಲಿ ಲ್ಯಾರಿ ಕಾನ್‌ಸ್ಟಂಟೈನ್, ಎಡ್ವರ್ಡ್ ಯುರ್ಡನ್, ಟಾಮ್ ಡಿಮಾರ್ಕೊ, ಕ್ರಿಸ್ ಗೇನ್, ಟ್ರಿಷ್ ಸಾರ್ಸನ್ ಮೊದಲಾದವರು ಇದನ್ನು ರೂಪಿಸಿ ಬಳಕೆಗೆ ತಂದರು. ಇದಕ್ಕೆ ಬೇಕಾದದ್ದು ನಾಲ್ಕೇ ಗುರುತು. ವ್ಯವಸ್ಥೆಯ ಹೊರಗಿರುವವರಿಗೆ ಒಂದು ಚೌಕ: ರೈತ, ಖರೀದಿದಾರ, ಬ್ಯಾಂಕು. ಕೆಲಸಕ್ಕೆ ಒಂದು ವೃತ್ತ: ಹರಾಜು ನಡೆಸು, ತೂಕ ದಾಖಲಿಸು, ಪಟ್ಟಿ ತಯಾರಿಸು. ಮಾಹಿತಿ ಕೂಡಿಡುವ ಜಾಗಕ್ಕೆ ಎರಡು ಸಮಾನಾಂತರ ಗೆರೆ: ವಹಿ, ಲೆಡ್ಜರು, ಕಡತ. ಇವುಗಳ ನಡುವೆ ಬಾಣಗಳು, ಪ್ರತಿ ಬಾಣದ ಮೇಲೂ ಅದು ಹೊತ್ತೊಯ್ಯುವ ಮಾಹಿತಿಯ ಹೆಸರು. ಇಡೀ ಅಂಗಡಿಯನ್ನು ಒಂದೇ ವೃತ್ತವಾಗಿಸಿ ಅದರ ಸುತ್ತ ಹೊರಗಿನವರನ್ನು ಕೂರಿಸಿದ್ದು ಮೊದಲ ಚಿತ್ರ. ಆ ವೃತ್ತವನ್ನು ಒಡೆದು ಒಳಗಿನ ಕೆಲಸಗಳನ್ನು ತೋರಿಸಿದ್ದು ಮುಂದಿನ ಮಟ್ಟ. ಏಳನೆಯ ತರಗತಿ ಓದಿದವರಿಗೂ ಇದನ್ನು ಕಾಲು ಗಂಟೆಯಲ್ಲಿ ಕಲಿಸಬಹುದು.

ಗುರುತುಗಳು ಸರಳ, ಆದರೆ ನಿಯಮಗಳು ಕಠಿಣ. ಒಂದು ಕೆಲಸದೊಳಗೆ ಮಾಹಿತಿ ಹೋಗಿ ಏನೂ ಹೊರಬರದಿದ್ದರೆ ಅದನ್ನು ಪಠ್ಯಪುಸ್ತಕಗಳು ಕಪ್ಪುಕುಳಿ ಎನ್ನುತ್ತವೆ. ಏನೂ ಒಳಹೋಗದೆ ಮಾಹಿತಿ ಹೊರಬಂದರೆ ಅದು ಪವಾಡ. ಒಂದು ವಹಿಯಿಂದ ಇನ್ನೊಂದು ವಹಿಗೆ ಮಾಹಿತಿ ತಾನಾಗಿ ಹಾರುವಂತಿಲ್ಲ, ನಡುವೆ ಒಂದು ಕೆಲಸ ಇರಲೇಬೇಕು.

ಈ ನಿಯಮಗಳನ್ನು ಲೆಕ್ಕಪಟ್ಟಿಯ ಮೇಲೆ ಪ್ರಯೋಗಿಸಿ ನೋಡಬೇಕು. ಒಬ್ಬ ರೈತನ ಮಾಲು 20 ಕ್ವಿಂಟಲ್ ತೂಗಿತು ಎಂದುಕೊಳ್ಳೋಣ. ಪಟ್ಟಿಯಲ್ಲಿ 19 ಕ್ವಿಂಟಲ್ 20 ಕಿಲೊ ಎಂದಿದೆ. ಉಳಿದ 80 ಕಿಲೊ ಹಾಳು ಹಣ್ಣಿನ ಕಡಿತ ಎಂದು ಅಂಗಡಿಯವರ ವಿವರಣೆ. ಚಿತ್ರ ಬರೆಯಲು ಕುಳಿತರೆ 'ಪಟ್ಟಿ ತಯಾರಿಸು' ಎಂಬ ವೃತ್ತಕ್ಕೆ ಕಡಿತದ ಅಂಕಿ ಒಂದು ಬಾಣವಾಗಿ ಒಳಬರಬೇಕು. ಆ ಬಾಣ ಎಲ್ಲಿಂದ ಹೊರಟಿತು? ಹಾಳು ಹಣ್ಣನ್ನು ಆರಿಸಿ ತೂಗಿದವರು ಯಾರು, ಬರೆದದ್ದು ಯಾವ ಚೀಟಿಯಲ್ಲಿ? ಚೀಟಿ ಇದ್ದರೆ ಕಡಿತ ನ್ಯಾಯವಾದದ್ದೇ ಇರಬಹುದು. ಇಲ್ಲದಿದ್ದರೆ ಅದು ಪವಾಡ, ಮತ್ತು ಆ ಪವಾಡದ ಖರ್ಚು ರೈತನದು. ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದಿದ್ದದ್ದು ಒಂದು ಬಾಣದ ಗೈರುಹಾಜರಿಯಿಂದ ಗೋಡೆಯ ಮೇಲೆ ಎದ್ದು ಕಾಣುತ್ತದೆ. ಈ ಚಿತ್ರ ಬರೆಯಲು ಹಲವರು ಹಿಂಜರಿಯುವುದಕ್ಕೆ ಸಮಯದ ಅಭಾವಕ್ಕಿಂತ ಇದೇ ದೊಡ್ಡ ಕಾರಣ.

ಮಹಾರಾಷ್ಟ್ರದ್ದೇ ಒಂದು ಉದಾಹರಣೆ. 2016ರ ಜುಲೈನಲ್ಲಿ ಅಲ್ಲಿನ ಸರ್ಕಾರ ಹಣ್ಣು ತರಕಾರಿಯನ್ನು ಎಪಿಎಂಸಿ ನಿಯಂತ್ರಣದಿಂದ ಬಿಡಿಸಿತು. ಅಡತಿಯ ದಲಾಲಿಯನ್ನು ರೈತನಿಂದ ಮುರಿದುಕೊಳ್ಳಬಾರದು, ಕೊಳ್ಳುವವನಿಂದ ಪಡೆಯಬೇಕು ಎಂದಿತು. ಪತ್ರಿಕೆಗಳಲ್ಲಿ ಇದು ರಾಜಕೀಯದ ಸುದ್ದಿ. ಅಂಗಡಿಯ ಲೆಕ್ಕದಲ್ಲಿ ಮಾತ್ರ ಇದು ಒಂದು ಬಾಣದ ಸ್ಥಳಾಂತರ: ದಲಾಲಿಯ ಅಂಕಿ ರೈತನ ಪಟ್ಟಿಗೆ ಹೋಗುವುದು ನಿಂತು ಖರೀದಿದಾರನ ಬಿಲ್ಲಿಗೆ ಹೋಗಬೇಕು. ಚಿತ್ರ ಇದ್ದ ಅಂಗಡಿಯಲ್ಲಿ ಯಾವ ಕೆಲಸ, ಯಾವ ವಹಿ, ಯಾವ ಕಾಗದ ಬದಲಾಗಬೇಕೆಂದು ಬೆರಳಿಟ್ಟು ತೋರಿಸಬಹುದು. ಚಿತ್ರ ಇಲ್ಲದ ಕಡೆ ಹಳೆಯ ದಲಾಲಿ ಬೇರೊಂದು ಹೆಸರು ಹೊತ್ತು ಅದೇ ಪಟ್ಟಿಯಲ್ಲಿ ಉಳಿದರೂ ಹಿಡಿಯುವವರಿಲ್ಲ. ಕಾನೂನು ಜಾರಿಯಾಯಿತೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಬಾಣದಲ್ಲಿ.

ಕರ್ನಾಟಕದ ಓದುಗರಿಗೆ ಇದು ಹೊಸದಲ್ಲ. 'ಭೂಮಿ' ಯೋಜನೆ ಬರುವ ಮುಂಚೆ ಪಹಣಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದ್ದು ದೊಡ್ಡ ಸಾಹಸ ಎಂದು ಎಲ್ಲರೂ ಹೊಗಳುತ್ತಾರೆ. ಆದರೆ ಟೈಪು ಮಾಡಿಸಿದ್ದರಿಂದಷ್ಟೇ ಬದಲಾವಣೆ ಬರಲಿಲ್ಲ. ದಾಖಲೆ ಕೂಡಿಡುವ ಜಾಗ ಲೆಕ್ಕಿಗರ ಚೀಲದಿಂದ ತಾಲ್ಲೂಕು ಕೇಂದ್ರಕ್ಕೆ ಹೋಯಿತು. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂಬ ಕಟ್ಟಳೆ ಬಂತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಹಳೆಯ ಹರಿವನ್ನು ಹಾಗೇ ಇಟ್ಟು ಲೆಕ್ಕಿಗರಿಗೆ ಒಂದೊಂದು ಕಂಪ್ಯೂಟರ್ ಕೊಟ್ಟಿದ್ದರೆ ಪಹಣಿ ಅಂದವಾಗಿ ಮುದ್ರಣವಾಗುತ್ತಿತ್ತು, ಕಾಯುವುದು ತಪ್ಪುತ್ತಿರಲಿಲ್ಲ. 2014ರಲ್ಲಿ ಶುರುವಾದ ಕರ್ನಾಟಕದ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲೂ ಇದೇ ತತ್ವ ಕಾಣುತ್ತದೆ: ಗೇಟಿನಲ್ಲೇ ಮಾಲಿಗೆ ಲಾಟ್ ಸಂಖ್ಯೆ, ಅದೇ ಸಂಖ್ಯೆಯ ಮೇಲೆ ವ್ಯಾಪಾರಿಗಳ ಆನ್‌ಲೈನ್ ಟೆಂಡರು, ಅದೇ ಸಂಖ್ಯೆಯ ಮೇಲೆ ತೂಕ ಮತ್ತು ಬಿಲ್ಲು. ಒಂದು ಸಂಖ್ಯೆ ಮೊದಲಿನಿಂದ ಕೊನೆಯವರೆಗೆ ಹರಿದರೆ ನಡುವೆ ಅಂಕಿ ತಿದ್ದುವುದು ಕಷ್ಟ.

ವಿರೋಧಿಗಳ ಮಾತೂ ಕೇಳಬೇಕು. ಇದು ಹಳತಾಯಿತು, 1997ರಲ್ಲೇ ಯುಎಂಎಲ್ ಬಂತು, ಈಗ ಎರಡು ವಾರಕ್ಕೊಮ್ಮೆ ತಂತ್ರಾಂಶ ಬಿಡುಗಡೆ ಮಾಡುವ ಕಾಲ ಎನ್ನುತ್ತಾರೆ. ಯುಎಂಎಲ್ ತಂತ್ರಾಂಶ ಬರೆಯುವವರ ಭಾಷೆ. ಹಮಾಲರ ಮೇಸ್ತ್ರಿಯ ಮುಂದೆ ಕ್ಲಾಸ್ ಡಯಾಗ್ರಮ್ ಹಿಡಿದು ಇದು ಸರಿಯೇ ಎಂದು ಕೇಳಿದರೆ ಅವನು ಮರ್ಯಾದೆಗೆ ಹೂಂ ಎನ್ನುತ್ತಾನೆ. ಹರಿವಿನ ಚಿತ್ರ ಹಿಡಿದರೆ 'ಈ ಚೀಟಿ ಅಲ್ಲಿಗೆ ಹೋಗಲ್ಲ ಸಾಹೇಬ್ರೆ' ಎಂದು ತಿದ್ದುತ್ತಾನೆ. ತಪ್ಪು ತಿದ್ದಲು ಅವಕಾಶ ಕೊಡುವ ಚಿತ್ರವೇ ವ್ಯವಹಾರಕ್ಕೆ ಬೇಕಾದ ಚಿತ್ರ. ಇನ್ನು ಹಳತು ಎಂಬ ಮಾತು: ತಂತ್ರಾಂಶಗಳ ಭದ್ರತೆ ಪರೀಕ್ಷಿಸುವವರು ಕಳ್ಳ ಎಲ್ಲಿ ನುಗ್ಗಬಹುದೆಂದು ಗುರುತಿಸಲು ಇಂದಿಗೂ ಇದೇ ಚಿತ್ರ ಬರೆಯುತ್ತಾರೆ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ. ಹರಿವಿನ ಚಿತ್ರ ಕಾಲವನ್ನು ತೋರಿಸುವುದಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಎಂದು ಹೇಳುವುದಿಲ್ಲ, 'ಹೀಗಾದರೆ ಹಾಗೆ' ಎಂಬ ತೀರ್ಮಾನಗಳಿಗೆ ಅದರಲ್ಲಿ ಜಾಗವಿಲ್ಲ. ನಿಜ. ಅದಕ್ಕೆ ಬೇರೆ ಸಾಧನಗಳಿವೆ, ಅವನ್ನೂ ಬಳಸಲಿ. ಆದರೆ ಈ ಕೊರತೆಯೇ ಅದರ ಅನುಕೂಲವೂ ಹೌದು. ಸರದಿ, ಷರತ್ತು, ವಿನಾಯಿತಿಗಳ ಗದ್ದಲದಲ್ಲಿ ಮುಳುಗಿಹೋಗುವ ಒಂದು ಪ್ರಶ್ನೆಯನ್ನು ಅದು ಒಂಟಿಯಾಗಿ ನಿಲ್ಲಿಸಿ ಕೇಳುತ್ತದೆ: ಈ ಅಂಕಿ ಎಲ್ಲಿಂದ ಬಂತು?

ಈ ಸಾಧನಕ್ಕೆ ನಿಜವಾದ ಕೇಡು ಮಾಡಿದ್ದು ವಿರೋಧಿಗಳಿಗಿಂತ ಹೆಚ್ಚಾಗಿ ಅದನ್ನು ಕಲಿಸುವವರು. ನಾಗಪುರವಿರಲಿ, ಹುಬ್ಬಳ್ಳಿಯಿರಲಿ, ಬಿಸಿಎ, ಎಂಸಿಎ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಲ್ಲಿ ಹರಿವಿನ ಚಿತ್ರಕ್ಕೆ ಒಂದು ಅಧ್ಯಾಯ ಮೀಸಲು. ಅದನ್ನು ಬರೆಯುವುದು ಯಾವಾಗ? ಬಹಳಷ್ಟು ಸಲ ಪ್ರೋಗ್ರಾಮ್ ಮುಗಿದ ಮೇಲೆ, ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ, ಹಿಂದಿನ ವರ್ಷದವರ ವರದಿಯಿಂದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಗ್ರಂಥಾಲಯದ ತಂತ್ರಾಂಶ ಬರೆದವನು ಗ್ರಂಥಪಾಲಕರ ಜೊತೆ ಅರ್ಧ ದಿನ ಕಳೆದಿರುವುದಿಲ್ಲ, ಆದರೂ ಚಿತ್ರಕ್ಕೆ ಪೂರ್ತಿ ಅಂಕ ಸಿಗುತ್ತದೆ. ಹೀಗೆ ಕಲಿತವನು ಕೆಲಸಕ್ಕೆ ಸೇರಿದ ಮೇಲೂ ಚಿತ್ರವೆಂದರೆ ವರದಿಯ ಅಲಂಕಾರ ಎಂದೇ ತಿಳಿದಿರುತ್ತಾನೆ. ಪರೀಕ್ಷಕರು ಕೇಳಬೇಕಾದದ್ದು ಒಂದೇ: ಈ ಚಿತ್ರವನ್ನು ಯಾರು ತಿದ್ದಿದರು, ಎಲ್ಲಿ ತಿದ್ದಿದರು? ತಿದ್ದುಪಡಿಯ ಗುರುತೇ ಇಲ್ಲದ ಚಿತ್ರಕ್ಕೆ ಸೊನ್ನೆ ಕೊಡಬೇಕು.

ಇದು ಈಗ ಹವ್ಯಾಸದ ವಿಷಯವಾಗಿಯೂ ಉಳಿದಿಲ್ಲ. ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿದೆ. ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂದು ಜನರಿಗೆ ತಿಳಿಸಬೇಕು, ಉದ್ದೇಶ ತೀರಿದ ಮೇಲೆ ಅಳಿಸಬೇಕು ಎಂಬುದು ಅದರ ತಿರುಳು. ರೈತನ ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಪಡೆಯುವ ಅಂಗಡಿ ಆ ಸಂಖ್ಯೆ ಲೆಡ್ಜರಿನಲ್ಲಿ, ಎಕ್ಸೆಲ್ಲಿನಲ್ಲಿ, ಗುಮಾಸ್ತನ ವಾಟ್ಸಾಪಿನಲ್ಲಿ, ಹೀಗೆ ಎಲ್ಲೆಲ್ಲಿ ಕೂತಿದೆ ಎಂದು ಅರಿಯದೆ ಅಳಿಸುವುದು ಹೇಗೆ?

ಆದ್ದರಿಂದ ಕ್ರಮ ಬದಲಾಗಬೇಕು. ತಂತ್ರಾಂಶದ ಮೊದಲ ಕಂತು ಕೊಡುವ ಮುಂಚೆ ಒಂದು ದಿನ ಅಂಗಡಿಯ ಗೋಡೆಗೆ ದೊಡ್ಡ ಹಾಳೆ ಅಂಟಿಸಬೇಕು. ಮಾಲೀಕರೊಬ್ಬರೇ ಕೂತರೆ ಸಾಲದು, ಅವರಿಗೆ ಗೊತ್ತಿರುವುದು ನಿಯಮ. ನಡೆಯುವುದೇನೆಂದು ಗೊತ್ತಿರುವುದು ತೂಕದವನಿಗೆ, ಗುಮಾಸ್ತನಿಗೆ, ಹಮಾಲನಿಗೆ. ಸಾಧ್ಯವಾದರೆ ಇಬ್ಬರು ರೈತರೂ ಇರಲಿ. ಮೊದಲು ಈಗ ನಡೆಯುತ್ತಿರುವುದನ್ನು ಇದ್ದಹಾಗೆ ಬರೆಯಬೇಕು, ನಾಚಿಕೆಯಾದರೂ ಸರಿ. ಆಮೇಲೆ ನಡೆಯಬೇಕಾದದ್ದನ್ನು ಇನ್ನೊಂದು ಹಾಳೆಯಲ್ಲಿ. ಎರಡು ಹಾಳೆಗಳ ನಡುವಿನ ವ್ಯತ್ಯಾಸವೇ ತಂತ್ರಾಂಶದವನಿಗೆ ಕೊಡುವ ಕೆಲಸ. ಕರಾರುಪತ್ರಕ್ಕೆ ಆ ಎರಡನೆಯ ಹಾಳೆಯನ್ನು ಲಗತ್ತಿಸಿ ಇಬ್ಬರೂ ಸಹಿ ಹಾಕಲಿ. ಅದರಲ್ಲಿಲ್ಲದ ಬಾಣ ತಂತ್ರಾಂಶದಲ್ಲಿ ಕಂಡರೆ ಮಾರಿದವನು ಉತ್ತರ ಕೊಡಬೇಕು, ಅದರಲ್ಲಿರುವ ಬಾಣ ಅಂಗಡಿಯಲ್ಲಿ ಕಾಣದಿದ್ದರೆ ಮಾಲೀಕ ಉತ್ತರ ಕೊಡಬೇಕು. ಈ ಒಂದು ದಿನವನ್ನು ಕೊಡಲಾರೆ ಎನ್ನುವ ಅಂಗಡಿಗೆ ತಂತ್ರಾಂಶ ಮಾರುವವನೂ, ಆ ಚಿತ್ರ ಕೇಳದವನಿಂದ ಕೊಳ್ಳುವವನೂ ತಮ್ಮ ಹಣ ಮತ್ತು ಹೆಸರಿನ ಜೊತೆಗೆ, ಲೆಕ್ಕಪಟ್ಟಿ ನಂಬಿ ಊರಿಗೆ ಮರಳುವ ರೈತನ ಪಾಲನ್ನೂ ಕಳೆಯುತ್ತಿದ್ದಾರೆ.